ತಂದೆಪಟ್ಟಿ

ಗಂಡಸಿಗೂ ಬಸಿರಿನ ಒದೆ ತಾಗುವಂತಿದ್ದರೆ? ಈ ಪ್ರಶ್ನೆ ಮೊದಲು ಹುಟ್ಟಿದ್ದು ವಿಜ್ಞಾನಿಗಳ ತಲೆಯಲ್ಲಿ ಎಂದು ಪತ್ರಿಕೆಗಳು ಬರೆದವು. ಸುಳ್ಳು. ಅದು ಹುಟ್ಟಿದ್ದು ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸಿ, ಖಾಲಿ ಮನೆಯಲ್ಲಿ ತಳ ಹಿಡಿದ ಅನ್ನ ತಿನ್ನುತ್ತ ಕೂತ ಗಂಡಂದಿರ ಹೊಟ್ಟೆಯಲ್ಲಿ. ನಮ್ಮ ಕಡೆ ಏಳನೇ ತಿಂಗಳಲ್ಲಿ ಮಡಿಲು ತುಂಬಿಸಿ ಹೆಣ್ಣನ್ನು ಕರೆದೊಯ್ದರೆ ಅವಳು ತಿರುಗಿ ಬರುವುದು ಕೂಸಿಗೆ ಮೂರೋ ಐದೋ ತಿಂಗಳಾದ ಮೇಲೆ. ಅಷ್ಟರಲ್ಲಿ ಆ ಕೂಸಿಗೆ ಅಪ್ಪನೆಂದರೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಮೀಸೆಯ ನೆಂಟ. ಎತ್ತಿಕೊಂಡರೆ ಕಿಟಾರನೆ ಕಿರುಚುತ್ತದೆ.

ಮೈಸೂರಿನ ಹೊರವಲಯದ ಒಂದು ಪ್ರಯೋಗಾಲಯ ಇದಕ್ಕೆ ಮದ್ದು ಅರೆಯಿತು. ಎರಡು ಪಟ್ಟಿಗಳು. ತಾಯಿಪಟ್ಟಿ ಬಸುರಿಯ ಹೊಟ್ಟೆಯ ಮೇಲೆ ಕೂತು, ಒಳಗಿನ ಪ್ರತಿ ಮಿಸುಕಾಟವನ್ನೂ ಎಲ್ಲಿ, ಎಷ್ಟು ಜೋರಾಗಿ ಎಂದು ಗುರುತಿಸಿ ಫೋನಿನ ಮೂಲಕ ಕಳಿಸುತ್ತಿತ್ತು. ತಂದೆಪಟ್ಟಿ ಗಂಡನ ಸೊಂಟದಲ್ಲಿ. ಅದರೊಳಗಿನ ನಲವತ್ತು ಪುಟ್ಟ ಗಾಳಿಗುಳ್ಳೆಗಳು ಅದೇ ಜಾಗದಲ್ಲಿ, ಅಷ್ಟೇ ಜೋರಾಗಿ ಉಬ್ಬಿ ಇಳಿಯುತ್ತಿದ್ದವು. ನೂರು ಮೈಲಿ ಆಚೆ ಮಗು ಕಾಲು ಝಾಡಿಸಿದರೆ ಇಲ್ಲಿ ಅಪ್ಪನ ಪಕ್ಕೆಗೆ ಗುದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ನಗುವ ಜನ ನಾವು. ಆದರೂ ಎರಡೇ ವರ್ಷದಲ್ಲಿ ಹನ್ನೊಂದು ಸಾವಿರ ಗಂಡಸರು ಪಟ್ಟಿ ಕಟ್ಟಿಕೊಂಡರು. ಬಸ್ ಕಂಡಕ್ಟರು ಚಿಲ್ಲರೆ ಕೊಡುತ್ತ ಕೊಡುತ್ತ ನಿಂತು ತನ್ನಷ್ಟಕ್ಕೆ ನಗುವುದು, ಮೇಷ್ಟರು ಮಗ್ಗಿ ಹೇಳಿಸುತ್ತ ಹೊಟ್ಟೆ ಸವರಿಕೊಳ್ಳುವುದು ಮಾಮೂಲಾಯಿತು. ಕ್ಷೌರದಂಗಡಿಯಲ್ಲಿ ಮಾತ್ರ ಗಿರಾಕಿಗಳೇ ಕ್ಷೌರಿಕನಿಗೆ ಪಟ್ಟಿ ಬಿಚ್ಚಿಟ್ಟು ಕತ್ತಿ ಹಿಡಿ ಎಂದು ತಾಕೀತು ಮಾಡುತ್ತಿದ್ದರು.

ಗುರುಮಲ್ಲೇಶ ಆ ಪ್ರಯೋಗಾಲಯದ ಎಂಜಿನಿಯರ್. ಎಲ್ಲರೂ ಮಲ್ಲೇಶ ಎನ್ನುತ್ತಿದ್ದರು. ಕೆಲಸದಲ್ಲಿ ಗಟ್ಟಿಗ, ಮರೆವಿನಲ್ಲಿ ಅದಕ್ಕಿಂತ ಗಟ್ಟಿಗ. ಅವನ ಮೇಜಿನ ಪಕ್ಕದ ಗಾಜಿನಾಚೆ ದೂರು ಕೇಳುವ ಕೋಣೆ. ಅಲ್ಲಿ ಹದಿನೆಂಟು ಹುಡುಗಿಯರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದರು, ಅವರ ಮೇಲ್ವಿಚಾರಣೆ ಫಿಲೋಮಿನಾಳದು. ಮೊದಲ ಮಳೆಗಾಲದಲ್ಲೇ ಆ ಕೋಣೆ ಸಂತೆಯಾಯಿತು. ತವರೂರುಗಳಲ್ಲಿ ಮೋಡ ಕವಿದರೆ ಸಾಕು, ಟವರ್ ಮಲಗುತ್ತಿತ್ತು. ಟವರ್ ಮಲಗಿದರೆ ಪಟ್ಟಿ ಸುಮ್ಮನಾಗುತ್ತಿತ್ತು. ಪಟ್ಟಿ ಸುಮ್ಮನಾದ ಹತ್ತನೇ ನಿಮಿಷಕ್ಕೆ ಅಪ್ಪಂದಿರ ಫೋನು: ಮಗು ನಿಂತುಹೋಯ್ತು, ಏನ್ಮಾಡ್ಲಿ ಮೇಡಂ. ಒಬ್ಬ ಪೇದೆಯಂತೂ ಬಂದೋಬಸ್ತು ಬಿಟ್ಟು ಸಮವಸ್ತ್ರದಲ್ಲೇ ಹೆಂಡತಿಯ ಊರಿಗೆ ಓಡಿ, ಅಲ್ಲಿ ಹೋಳಿಗೆ ತಿನ್ನುತ್ತ ಕೂತ ಬಸುರಿಯನ್ನು ಕಂಡು ನಾಚಿ, ಅಮಾನತ್ತಾಗಿ ಮನೆಗೆ ಬಂದ.

ಮಲ್ಲೇಶ ಒಂದು ಉಪಾಯ ಮಾಡಿದ. ಯಂತ್ರ ಎರಡು ವಾರದಲ್ಲಿ ಆಯಾ ಮಗುವಿನ ದಿನಚರಿ ಕಲಿತುಬಿಡುತ್ತಿತ್ತು. ಯಾವಾಗ ಮಲಗುತ್ತದೆ, ತಾಯಿ ಉಂಡ ಎಷ್ಟು ಹೊತ್ತಿಗೆ ಎಡಕ್ಕೆ ಒದೆಯುತ್ತದೆ, ಎಲ್ಲ. ನೆಟ್‌ವರ್ಕ್ ಹೋದಾಗ ಆ ದಿನಚರಿಯನ್ನೇ ಆಡಿಸಿದರೆ ಅಪ್ಪ ಗಾಬರಿಯಾಗುವುದಿಲ್ಲ. ಇದಕ್ಕೆ ಅವರೆಲ್ಲ 'ತುಂಬುವುದು' ಎನ್ನುತ್ತಿದ್ದರು. ಐದೇ ನಿಮಿಷ ತುಂಬಬೇಕು, ಆಗ ಪಟ್ಟಿಯ ಮೇಲೊಂದು ಹಳದಿ ದೀಪ ಉರಿಯಬೇಕು ಎಂದು ನಿಯಮವಾಯಿತು. ಆದರೆ ದೀಪ ಉರಿದಿದೆಯೋ ಇಲ್ಲವೋ ನೋಡಲು ಅಪ್ಪಂದಿರು ಕಚೇರಿಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಅಂಗಿ ಎತ್ತತೊಡಗಿದರು. ಮಾನ ಹೋಗುವ ಕೆಲಸ ಎಂದು ದೂರು ಬಂತು. ಮಲ್ಲೇಶ ದೀಪ ತೆಗೆಸಿದ. ಆಮೇಲೊಂದು ಚಂಡಮಾರುತ ಬಂದು ಮೂರು ಜಿಲ್ಲೆಯ ಟವರುಗಳು ಎರಡು ದಿನ ಮಲಗಿದಾಗ ಐದು ನಿಮಿಷದ ಮಿತಿಯನ್ನೂ ತೆಗೆದ. ಮಳೆ ನಿಂತ ಮೇಲೆ ಹಾಕಿದರಾಯಿತು ಅಂದುಕೊಂಡ. ಮಳೆ ನಿಂತಿತು, ಬಿಸಿಲು ಬಂತು, ಅವನ ಮದುವೆಯೂ ಆಯಿತು. ಮಿತಿ ಹಾಕುವುದು ಹಾಗೇ ಉಳಿಯಿತು.

ಅವನ ಹೆಂಡತಿ ದಾಕ್ಷಾಯಿಣಿಯ ತವರು ಹನೂರಿನಿಂದಾಚೆ, ಬೆಟ್ಟದ ಬುಡದ ಒಂದು ಊರು. ಏಳರಲ್ಲಿ ಬಳೆ ತೊಡಿಸಿ ಕರೆದುಕೊಂಡು ಹೋದರು. ತನ್ನದೇ ಕಂಪನಿಯ ಪಟ್ಟಿಯನ್ನು ಮಲ್ಲೇಶ ತಾನೇ ಅವಳ ಹೊಟ್ಟೆಗೆ ಕಟ್ಟಿ ಕಳಿಸಿದ್ದ. ಮೊದಲ ಒದೆ ಬಿದ್ದಾಗ ಅವನು ಮೀಟಿಂಗಿನಲ್ಲಿದ್ದ. ಮಾತು ಅರ್ಧಕ್ಕೆ ನಿಂತು ಕಣ್ಣು ತುಂಬಿ, ನಿರ್ದೇಶಕ ಪುರಾಣಿಕರು ನೀರು ಕೊಡಿಸಿದ್ದರು. ಅಲ್ಲಿಂದ ಅವನಿಗೆ ಹುಚ್ಚೇ ಹಿಡಿಯಿತು. ದಿನಕ್ಕೆ ಮೂರು ಸಲ ಫೋನು ಮಾಡಿ ಮಗು ಈಗ ಬಲಕ್ಕೆ ಹೊರಳಿತು, ಈಗ ಬಿಕ್ಕಳಿಸುತ್ತಿದೆ ಎಂದು ಹೆಂಡತಿಗೇ ವರದಿ ಒಪ್ಪಿಸುತ್ತಿದ್ದ. ಅವಳೂ ಬರಬರುತ್ತ ಹೌದಾ, ನನಗೆ ಗೊತ್ತೇ ಆಗಲಿಲ್ಲ ಅನ್ನತೊಡಗಿದಳು. ಅತ್ತೆ ಮಹದೇವಮ್ಮನಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ. ಹೊಟ್ಟೆ ನಿಂದು, ಸುದ್ದಿ ಅಳಿಯದೇವ್ರದಾ ಎಂದು ಮಗಳನ್ನು ಹಂಗಿಸುತ್ತಿದ್ದಳು.

ಎಂಟು ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಸೋಮವಾರ ಸಂಜೆ ದಾಕ್ಷಾಯಿಣಿ ತಾನಾಗಿ ಫೋನು ಮಾಡಿ, ಯಾಕೋ ಇವತ್ತು ಮಗು ಸುಮ್ಮನಿದೆ ಅನ್ನಿಸುತ್ತದೆ ಎಂದಳು. ಮಲ್ಲೇಶ ನಕ್ಕ. ಈಗಷ್ಟೇ ಎರಡು ಸಲ ಒದ್ದಿದೆ, ನೀನು ಓಡಾಡುತ್ತಿದ್ದೆಯೇನೋ, ಗಮನಿಸಿಲ್ಲ ಎಂದ. ಹಂಗಾರೆ ಸರಿ ಎಂದು ಅವಳು ಫೋನಿಟ್ಟಳು. ಅವನು ಎಂದಿನಂತೆ ಅಂಗೈಯನ್ನು ಪಟ್ಟಿಯ ಮೇಲಿಟ್ಟುಕೊಂಡು ಮಲಗಿದ, ಗಡದ್ದಾಗಿ ನಿದ್ದೆ ಮಾಡಿದ.

ಮಂಗಳವಾರ ಬೆಳಿಗ್ಗೆಯಿಂದ ಒದೆಯೋ ಒದೆ. ಹನ್ನೆರಡೂವರೆಗೆ ಎಡಪಕ್ಕೆಯಲ್ಲಿ ಬಿದ್ದ ಗುದ್ದಿಗೆ ಕೈಲಿದ್ದ ಚಹಾ ತುಳುಕಿತು. ಖುಷಿಯಿಂದ ಫೋನು ಮಾಡಿದ. ಎತ್ತಿದ್ದು ಅತ್ತೆ. ನಿಮ್ಮ ಮೊಮ್ಮಗು ಇವತ್ತು ಕುಣಿಯುತ್ತಿದೆ, ತಾಯಿಪಟ್ಟಿ ಹರಿದೀತು ನೋಡಿಕೊಳ್ಳಿ ಎಂದು ತಮಾಷೆ ಮಾಡಿದ.

"ಯಾವ್ ಪಟ್ಟಿ?" ಎಂದಳು ಮಹದೇವಮ್ಮ. "ಅದು ಬೆಳಿಗ್ಗೆ ಏಳ್ ಗಂಟೆಯಿಂದ ತಂತಿ ಮೇಲೆ ಒಣಗ್ತಾ ಅದೆ. ಬೆವರಿಗೆ ಮೈಯೆಲ್ಲ ಗಂದೆ ಎದ್ದಿತ್ತು ಕನಪ್ಪ, ಹರಳೆಣ್ಣೆ ಹಚ್ಚಿ ನೀರು ಹುಯ್ದೆ."

ಫೋನು ಕಿವಿಯಲ್ಲಿರುವಾಗಲೇ ಮಲ್ಲೇಶನ ಪಟ್ಟಿ ಮತ್ತೊಮ್ಮೆ ಒದೆಯಿತು, ಮೆತ್ತಗೆ, ಹೊಕ್ಕುಳ ಪಕ್ಕದಲ್ಲಿ. ತಂತಿಯ ಮೇಲೆ ಒಣಗುತ್ತಿರುವ ಬಟ್ಟೆ ಒದೆಯುವುದುಂಟೇ? ಬೆಳಿಗ್ಗೆ ಏಳರಿಂದ ಅವನಿಗೆ ಒದೆಯುತ್ತಿರುವುದು ಅವನೇ ಬರೆದ ಲೆಕ್ಕ. ಅದು ಹೊಳೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿಯಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಬ್ಯಾಟರಿ ಉಳಿಸಲೆಂದು ತಾಯಿಪಟ್ಟಿ ಮಗು ಮಿಸುಕಿದಾಗ ಮಾತ್ರ ಸುದ್ದಿ ಕಳಿಸುತ್ತದೆ. ಮಿಸುಕದಿದ್ದರೆ ಕಳಿಸುವುದಿಲ್ಲ. ಸುದ್ದಿ ಬಾರದಿದ್ದರೆ ಯಂತ್ರಕ್ಕೆ ಒಂದೇ ಅರ್ಥ: ನೆಟ್‌ವರ್ಕ್ ಹೋಗಿದೆ, ತುಂಬು. ಟವರ್ ಸತ್ತರೂ ತುಂಬುತ್ತದೆ, ಮಗು ಸುಮ್ಮನಾದರೂ ತುಂಬುತ್ತದೆ. ಐದು ನಿಮಿಷದ ಮಿತಿ ಇದ್ದಾಗ ಇದು ಯಾರಿಗೂ ಕಂಡಿರಲಿಲ್ಲ.

ದಾಕ್ಷಾಯಿಣಿಗೆ ಫೋನು ಕೊಡಿ ಅಂದ. ಅವನ ದನಿ ಕೇಳಿಯೇ ಅವಳಿಗೆ ಏನೋ ಅನ್ನಿಸಿರಬೇಕು.

"ಏನ್ರೀ? ಒದೀತಾ ಇದೆ ತಾನೆ?"

"ನಂಗೆ ಗೊತ್ತಿಲ್ಲ ದಾಕ್ಷಾ" ಎಂದ. "ನಿಂಗೆ ಏನನ್ನಿಸ್ತದೆ?"

ಎರಡು ತಿಂಗಳಲ್ಲಿ ಅವನು ಅವಳನ್ನು ಆ ಮಾತು ಕೇಳಿದ್ದು ಅದೇ ಮೊದಲು.

"ನಿನ್ನೆ ಮಧ್ಯಾಹ್ನದಿಂದ ಇಲ್ಲ ರೀ" ಎಂದಳು. "ನೀವು ಒದೀತಾ ಇದೆ ಅಂದ್ರಲ್ಲ, ನಂದೇ ತಪ್ಪಿರಬೇಕು ಅಂತ ಸುಮ್ನಾದೆ."

ಅದಾದ ಮೇಲೆ ಮಾತಿಗೆ ಹೊತ್ತಿರಲಿಲ್ಲ. ಅವಳ ಅಣ್ಣನ ಟೆಂಪೋ ಮನೆ ಮುಂದೆಯೇ ಇತ್ತು. ಹಿಂದೆ ಹಾಸಿಗೆ ಹಾಕಿ, ಎಡಮಗ್ಗುಲಿಗೆ ಮಲಗಿಸಿ, ಕೊಳ್ಳೇಗಾಲದ ಆಸ್ಪತ್ರೆಗೆ ಹೊಡೆಯಿರಿ, ಇನ್ನೊಂದು ನಿಮಿಷವೂ ತಡ ಮಾಡಬೇಡಿ ಎಂದು ಮಲ್ಲೇಶ ಹೇಳಿದ. ಮಹದೇವಮ್ಮ ಮಗಳ ಬಟ್ಟೆಗಂಟು ಹಿಡಿದು ಟೆಂಪೋ ಹತ್ತಿದಳು.

ಅವನು ಎದ್ದು ಬಾಗಿಲವರೆಗೆ ಓಡಿದವನು ಅಲ್ಲೇ ನಿಂತ. ಗಾಜಿನಾಚೆ ದೂರಿನ ಕೋಣೆ ಎಂದೂ ಇಲ್ಲದಷ್ಟು ಶಾಂತವಾಗಿತ್ತು. ಹುಡುಗಿಯರು ಹರಟುತ್ತ ಕೂತಿದ್ದರು. ಇತ್ತೀಚೆಗೆ ದೂರುಗಳೇ ಇಲ್ಲ ಎಂದು ಪುರಾಣಿಕರು ಅವನಿಗೆ ಶಾಲು ಹೊದಿಸಿದ್ದರು. ಸಾವಿರಾರು ಅಪ್ಪಂದಿರು ನೆಮ್ಮದಿಯಿಂದ ಒದೆಸಿಕೊಳ್ಳುತ್ತಿದ್ದರು. ಅವರಲ್ಲಿ ಎಷ್ಟು ಜನಕ್ಕೆ ಮಗು ಒದೆಯುತ್ತಿದೆ, ಎಷ್ಟು ಜನಕ್ಕೆ ತಾನು ಒದೆಯುತ್ತಿದ್ದೇನೆ?

ಪುರಾಣಿಕರಿಗೆ ಫೋನು ಮಾಡಿದ. ಅವರು ದೆಹಲಿಯಲ್ಲಿದ್ದರು. ವಿಷಯ ಕೇಳಿ, ಒಮ್ಮೆಗೇ ನಿಲ್ಲಿಸಿದರೆ ಸಾವಿರಾರು ಜನ ಗಾಬರಿಯಾಗಿ ಬೀದಿಗಿಳಿಯುತ್ತಾರೆ, ನಾಳೆ ನಾನು ಬರುತ್ತೇನೆ, ಕೂತು ಯೋಚಿಸಿ ಹಂತಹಂತವಾಗಿ ಮಾಡೋಣ ಅಂದರು. ಮಾತು ತಪ್ಪೇನಲ್ಲ. ಆದರೆ ಮಲ್ಲೇಶನಿಗೆ ಕಿವಿಯಲ್ಲಿ ಕೇಳುತ್ತಿದ್ದುದು ದಾಕ್ಷಾಯಿಣಿಯ 'ಸುಮ್ನಾದೆ' ಒಂದೇ. ಅವನು ಕೂತು, ಒಂದೂಕಾಲು ಗಂಟೆಗೆ, ತುಂಬುವುದನ್ನು ಇಡೀ ರಾಜ್ಯಕ್ಕೆ ನಿಲ್ಲಿಸಿಬಿಟ್ಟ. ಅವನ ಸೊಂಟದ ಪಟ್ಟಿಯೂ ತಕ್ಷಣ ತಣ್ಣಗಾಯಿತು.

ಪರದೆಯ ಮೇಲೆ ಹೆಸರುಗಳ ಯಾದಿಯೊಂದು ಮೂಡಿತು. ಆರು ಗಂಟೆಗಿಂತ ಹೆಚ್ಚು ಹೊತ್ತು ಸುದ್ದಿ ಕಳಿಸದ ತಾಯಂದಿರು: ಇನ್ನೂರ ಹದಿಮೂರು. ಗಾಜಿನಾಚೆ ಹದಿನೆಂಟು ಫೋನುಗಳೂ ಒಟ್ಟಿಗೆ ಬಡಿದುಕೊಳ್ಳತೊಡಗಿದ್ದವು. ಮಲ್ಲೇಶ ಆ ಹೆಸರುಗಳನ್ನು ಫಿಲೋಮಿನಾಳ ಮುಂದಿಟ್ಟು, ಅಪ್ಪಂದಿರು ಬಡಿದುಕೊಳ್ಳಲಿ, ಮೊದಲು ಇವರಿಗೆ ಮಾಡಿ, ಹೆಂಗಸರನ್ನೇ ಕೇಳಿ ಎಂದ. ಏನಂತ ಕೇಳಬೇಕು ಎಂದಳು ಅವಳು. ನಿಮಗೆ ಏನನ್ನಿಸುತ್ತದೆ ಅಂತ ಕೇಳಿ, ಸಾಕು ಎಂದ. ಇಪ್ಪತ್ತು ವರ್ಷ ಜನರ ಬೈಗುಳ ಕೇಳಿದ ಹೆಂಗಸು ಫಿಲೋಮಿನಾ. ಅವನ ಮುಖ ನೋಡಿ, ನೀವು ಹೊರಡಿ ಸರ್, ಇದು ನನಗೆ ಬಿಡಿ ಎಂದಳು.

ಕೊಳ್ಳೇಗಾಲದ ಬಸ್ಸಿನಲ್ಲಿ ಅವನು ಕೂರಲಿಲ್ಲ. ಸೀಟು ಖಾಲಿಯಿದ್ದರೂ ಕಾಲು ಸುಟ್ಟ ಬೆಕ್ಕಿನಂತೆ ಬಾಗಿಲಿಂದ ಡ್ರೈವರನವರೆಗೆ ತಿರುಗುತ್ತಿದ್ದ. ಬೇಡಬೇಡವೆಂದರೂ ಕೈ ಪಟ್ಟಿಯ ಮೇಲೆ ಹೋಗುತ್ತಿತ್ತು. ಒತ್ತಿ ನೋಡುತ್ತಿದ್ದ, ಏನೂ ಇಲ್ಲ. ಇರಲು ಸಾಧ್ಯವೂ ಇಲ್ಲ, ತಾಯಿಪಟ್ಟಿ ಇನ್ನೂ ತಂತಿಯ ಮೇಲಿದೆ ಎಂದು ಗೊತ್ತಿದ್ದೂ ಮತ್ತೆ ಒತ್ತುತ್ತಿದ್ದ. ನರಸೀಪುರದಲ್ಲಿ ಡ್ರೈವರು ಚಹಾಕ್ಕೆಂದು ಇಳಿದಾಗ ಅವನ ಕಾಲು ಹಿಡಿಯುವುದೊಂದು ಬಾಕಿ.

ಮೂರನೇ ಸೀಟಿನಲ್ಲಿ ಒಬ್ಬ ಹರೆಯದ ಆಸಾಮಿ ಅಂಗಿ ಎತ್ತಿ, ಕೆಟ್ಟ ರೇಡಿಯೋ ಬಡಿದಂತೆ ತಂದೆಪಟ್ಟಿಯನ್ನು ಪಟಪಟ ಬಡಿಯುತ್ತಿದ್ದ. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಹೆಂಡತಿಗೆ ಫೋನ್ ಮಾಡಿ ಕೇಳಿ ಎಂದ ಮಲ್ಲೇಶ. ಕೇಳಿದರೆ ಅವಳು ಹೆದರುತ್ತಾಳೆ ಎಂದು ಆತ ಒಪ್ಪಲಿಲ್ಲ. ಮಲ್ಲೇಶ ಬಿಡಲಿಲ್ಲ, ಜಗಳವಾಡುವವನಂತೆ ನಿಂತು ಮಾಡಿಸಿದ. ಆ ಹೆಣ್ಣುಮಗಳ ಬೈಗುಳ ಅರ್ಧ ಬಸ್ಸಿಗೆ ಕೇಳಿಸಿತು: ಮಗು ಈಗ ತಾನೆ ಮಲಗಿದೆ, ನನಗೂ ಮಲಗಲು ಬಿಡುವುದಿಲ್ಲವಲ್ಲ ನೀವು. ಆತ ಹಲ್ಲು ಬಿಟ್ಟು ನಕ್ಕು ಅಂಗಿ ಇಳಿಸಿದ. ಆ ನಗು ಕಂಡು ಮಲ್ಲೇಶನಿಗೆ ಹೊಟ್ಟೆಕಿಚ್ಚಾಯಿತು. ತಾನು ದಾಕ್ಷಾಯಿಣಿಗೆ ಹೀಗೆ ತನ್ನನ್ನು ಬೈಯಲು ಒಂದು ಅವಕಾಶವನ್ನಾದರೂ ಕೊಟ್ಟಿದ್ದನೇ?

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಹೊಕ್ಕುಳಬಳ್ಳಿ ಕತ್ತಿಗೆ ಎರಡು ಸುತ್ತು ಬಿಗಿದಿತ್ತಂತೆ. ಎದೆಬಡಿತ ಅರ್ಧಕ್ಕಿಳಿದಿತ್ತಂತೆ. ಇನ್ನು ಒಂದೆರಡು ಗಂಟೆ ಕಳೆದಿದ್ದರೆ ನಾನು ಬರೀ ತಾಯಿಯನ್ನು ಉಳಿಸುತ್ತಿದ್ದೆ ಎಂದರು ಡಾಕ್ಟರಮ್ಮ. ಹೆಣ್ಣು, ಎರಡು ಕಿಲೋಗೂ ಕಡಿಮೆ. ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದ ಅದನ್ನು ಕಂಡು ಮಲ್ಲೇಶ ಗೋಡೆಗೊರಗಿ ಗೊಳೋ ಎಂದು ಅತ್ತ. ಮಹದೇವಮ್ಮ ಬಂದು ಪಕ್ಕದಲ್ಲಿ ನಿಂತು, ಸೆರಗಿನಿಂದ ಅವನ ಮುಖ ಒರೆಸಿದಳು.

ದಾಕ್ಷಾಯಿಣಿಗೆ ಎಚ್ಚರವಾದಾಗ ಅವನು ಎಲ್ಲ ಹೇಳಿದ. ದೀಪ ತೆಗೆಸಿದ್ದು, ಮಿತಿ ತೆಗೆದದ್ದು, ಮರೆತದ್ದು, ಒಂದೂ ಮುಚ್ಚಿಡಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

"ನಿಮ್ಮ ಮೇಲೆ ಸಿಟ್ಟು ಬತ್ತದೆ, ಇವತ್ತಲ್ಲ ನಾಳೆ ಬತ್ತದೆ" ಎಂದಳು. "ಈಗ ನನ್ನ ಮೇಲೇ ಸಿಟ್ಟು. ನನ್ನ ಹೊಟ್ಟೆ ವಿಚಾರ ನಾನು ಇನ್ನೊಬ್ರನ್ನ ಕೇಳಿದ್ನಲ್ಲ."

ಶುಕ್ರವಾರ ಬೆಳಿಗ್ಗೆ ನಳಿಕೆ ತೆಗೆದರು. ತೂಕ ಕಡಿಮೆಯಿರುವ ಕೂಸಿಗೆ ಮೈಗೆ ಮೈ ತಾಗಿದ ಬಿಸಿ ಬೇಕು, ತಾಯಿಗೆ ಹೊಲಿಗೆ ಹಸಿಯಾಗಿದೆ, ಅಪ್ಪನೇ ಕೂರಲಿ ಎಂದು ನರ್ಸು ಅವನ ಅಂಗಿ ಬಿಚ್ಚಿಸಿ, ಎದೆಯ ಮೇಲೆ ಕೂಸನ್ನಿಟ್ಟು ಬಟ್ಟೆ ಸುತ್ತಿದಳು. ಸೊಂಟದ ಪಟ್ಟಿಯನ್ನು ಅವನು ಅಷ್ಟರಲ್ಲಾಗಲೇ ಬಿಚ್ಚಿ ಎಸೆದಿದ್ದ. ಕೂಸು ಮಿಸುಕಿತು. ಒದೆಯೆನ್ನುವಂಥದಲ್ಲ, ಕಾಲ್ಬೆರಳು ಚರ್ಮಕ್ಕೆ ತಾಗಿ ಹಿಂದೆ ಸರಿದದ್ದು ಅಷ್ಟೆ. ಆಮೇಲೆ ಸುಮ್ಮನಾಯಿತು. ಸುಮ್ಮನಾದ ಕೂಡಲೇ ಮಲ್ಲೇಶ, ಉಸಿರಾಡುತ್ತಿದೆಯೇ ಎಂದು ಬಗ್ಗಿ ನೋಡಿದ, ಮತ್ತೆ ನೋಡಿದ, ನರ್ಸನ್ನು ಎರಡು ಸಲ ಕರೆದ. ಮಲಗಿದೆ ಸರ್, ಮಕ್ಕಳು ಮಲಗುತ್ತವೆ ಎಂದು ಆಕೆ ನಗುತ್ತ ಹೋದಳು. ಅವನಿಗೆ ಅರಗಲಿಲ್ಲ. ಮಂಚದ ಮೇಲಿದ್ದ ಹೆಂಡತಿಯ ಕಡೆ ತಿರುಗಿ, ಇವಳು ಸರಿಯಾಗಿದ್ದಾಳಾ ಎಂದು ಕೇಳಿದ. ದಾಕ್ಷಾಯಿಣಿ ಕೈ ಚಾಚಿ ಕೂಸಿನ ಬೆನ್ನು ಮುಟ್ಟಿ ನೋಡಿ, ಸರಿಯಾಗಿದ್ದಾಳೆ ಎಂದಳು.

ಆಗ ಫಿಲೋಮಿನಾಳ ಫೋನು ಬಂತು. ಇನ್ನೂರ ಹದಿಮೂರು ಜನರ ಲೆಕ್ಕ ಅವಳು ಬುಧವಾರವೇ ಕೊಟ್ಟಿದ್ದಳು. ಹೆಚ್ಚಿನ ಪಟ್ಟಿಗಳು ತಂತಿಯ ಮೇಲೆ, ಗೂಟದಲ್ಲಿ, ದಿಂಬಿನ ಕೆಳಗೆ. ನಾಲ್ವರನ್ನು ಆಸ್ಪತ್ರೆಗೆ ಸಾಗಿಸಿದ್ದರು. ಮೂವರ ಮಕ್ಕಳು ಉಳಿದಿದ್ದವು. ಈಗ ಆ ನಾಲ್ಕನೆಯವಳ ಗಂಡ ಎರಡು ದಿನದಿಂದ ಫೋನು ಮಾಡುತ್ತಿದ್ದಾನೆ, ನಿಲ್ಲಿಸಿದವರ ಹತ್ತಿರವೇ ಮಾತಾಡಬೇಕಂತೆ, ನಾನು ಏನು ಹೇಳಿದರೂ ಕೇಳುತ್ತಿಲ್ಲ ಎಂದಳು. ಮಲ್ಲೇಶ ಎದೆಯ ಮೇಲಿನ ಕೂಸನ್ನು ನೋಡಿದ. ಆಮೇಲೆ ಮಾಡುತ್ತೇನೆ ಎನ್ನಬೇಕೆಂದಿದ್ದ. ದಾಕ್ಷಾಯಿಣಿಗೆ ಎಲ್ಲ ಕೇಳಿಸಿತ್ತು.

"ಮಾತಾಡಿ" ಎಂದಳು.

ಅವನ ಹೆಸರು ತಿಪ್ಪೇಶ. ಚಳ್ಳಕೆರೆ ಕಡೆಯವನು, ಲಾರಿ ಡ್ರೈವರು. ಶೇಂಗಾ ತುಂಬಿಕೊಂಡು ಗುಜರಾತಿಗೆ ಹೋಗಿದ್ದಾಗ ಈ ಸುದ್ದಿ. ದಾರಿಯುದ್ದಕ್ಕೂ ಮಗು ಜೊತೆಗೇ ಇತ್ತು, ಬೆಳಗಿನ ಜಾವ ಕಣ್ಣು ಎಳೆದರೆ ಒದ್ದು ಎಬ್ಬಿಸುತ್ತಿತ್ತು ಎಂದು ಹೇಳಿದ. ಹೆಂಡತಿ ಭಾನುವಾರ ಒಂಥರಾ ಆಗುತ್ತಿದೆ ಅಂದಾಗಲೂ ತಾನೇ ಅವಳಿಗೆ ಧೈರ್ಯ ಹೇಳಿದೆ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮಲ್ಲೇಶ ತಡೆದುಕೊಳ್ಳುತ್ತಿದ್ದ.

"ಭಾನುವಾರಾನೇ ಹೋಗೈತೆ ಅಂತಾರೆ ಸಾರ್ ಡಾಕ್ಟ್ರು. ಅದೆಂಗೆ? ಮಂಗಳವಾರ ಮಧ್ಯಾಹ್ನ ಒಂದೂಕಾಲ್‌ವರ್ಗೂ ನನ್ ಹೊಟ್ಟೆಗೆ ಒದೀತಿತ್ತು. ನಾನೇನ್ ಸುಳ್ಳೇಳ್ತೀನಾ? ನೀವು ನಿಲ್ಸಿದ್ರಿ, ಅದೂ ನಿಂತೋತು. ಒಂದೇ ಒಂದ್ಸಲ ಮತ್ತೆ ಆನ್ ಮಾಡಿ ಸಾರ್. ಜಾಸ್ತಿ ಬ್ಯಾಡ, ಐದ್ ನಿಮಿಷ."

ಮಾಡಬಹುದಿತ್ತು. ಆ ಮಗುವಿನ ದಿನಚರಿ ಯಂತ್ರದಲ್ಲಿ ಹಾಗೇ ಇತ್ತು. ಬೆಳಗಿನ ಜಾವ ಯಾವ ಪಕ್ಕೆಗೆ, ಎಷ್ಟು ಜೋರಾಗಿ, ಎಲ್ಲ ಇತ್ತು. ಫಿಲೋಮಿನಾಳಿಗೆ ಒಂದು ಮಾತು ಹೇಳಿದರೆ ಐದು ನಿಮಿಷವೇನು, ಅವನು ಬದುಕಿರುವವರೆಗೂ ಒದೆಯುತ್ತಿತ್ತು. ಮಲ್ಲೇಶನ ಒಂದು ಕೈ ಕೂಸಿನ ಬೆನ್ನ ಮೇಲಿತ್ತು. ಅದು ಏಳುತ್ತ ಇಳಿಯುತ್ತ ಇತ್ತು.

"ತಿಪ್ಪೇಶಣ್ಣ" ಎಂದ. "ಭಾನುವಾರದಿಂದ ನಿಮಗೆ ಒದೀತಿದ್ದಿದ್ದು ನಿಮ್ಮ ಮಗು ಅಲ್ಲ ಅಣ್ಣ. ನಾನು."

ಆ ಕಡೆಯಿಂದ ದೂರದಲ್ಲೆಲ್ಲೋ ಲಾರಿಗಳು ಹಾದುಹೋಗುವ ಸದ್ದು ಕೇಳುತ್ತಿತ್ತು. ತಿಪ್ಪೇಶ ಫೋನು ಇಡಲಿಲ್ಲ, ಮಲ್ಲೇಶನೂ ಇಡಲಿಲ್ಲ.